ಹುಣಸೆಹಣ್ಣಿನಲ್ಲಿ ತೊಳೆದ ಲೆನ್ಸು

ಹಳೇ ಲೆನ್ಸು ಕೊಳ್ಳುವ ಹುಚ್ಚಿನವರಲ್ಲಿ ನಾನು ಕಂಡವರೆಲ್ಲ ಒಂದೇ ಜಾತಿ. ಗಾಜಿನ ಮೇಲೆ ಗೀರು ಕಂಡರೆ ಮುಖ ಸಿಂಡರಿಸುತ್ತಾರೆ, ಕಾಣದಿದ್ದರೆ ಹಲ್ಲು ಬಿಡುತ್ತಾರೆ. ನಾನೂ ಅದೇ ಜಾತಿಯವನು. ನಮ್ಮ ಸಾಹೇಬರೊಬ್ಬರು ಮಾತ್ರ ಉಲ್ಟಾ. ಚೊಕ್ಕವಾದ ಲೆನ್ಸು ಕೈಗೆ ಬಂದರೆ ಅವರ ಮುಖ ಇಳಿದುಹೋಗುತ್ತಿತ್ತು. "ಇದ್ರಲ್ಲಿ ಏನೂ ಇಲ್ಲ ಕಣಪ್ಪ" ಎಂದು ವಾಪಸ್ಸು ಕೊಟ್ಟುಬಿಡುತ್ತಿದ್ದರು. ಏನಿರಬೇಕಿತ್ತು ಸಾರ್ ಎಂದು ಕೇಳಿದರೆ ಸಿಟ್ಟು ಬರುತ್ತಿತ್ತು.

ಅವರು ತೀರಿಕೊಂಡು ಕೆಲವು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬೈದಾರು. ತಮ್ಮ ಹೆಸರು ಎಲ್ಲಿ ಕಂಡರೂ ಅವರಿಗೆ ಆಗುತ್ತಿರಲಿಲ್ಲ, ಕಚೇರಿಯ ಬಾಗಿಲ ಮೇಲಿನ ಬೋರ್ಡು ನೋಡಿಯೂ ಗೊಣಗುತ್ತಿದ್ದರು.

ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಸೂಪರಿಂಟೆಂಡೆಂಟು, ನಾನು ಅವರ ಕೈಕೆಳಗಿನ ಗುಮಾಸ್ತ. ಎದುರಿಗೆ ನಿಂತವರ ಕೈಕಾಲು ತಣ್ಣಗಾಗುವಂಥ ಮನುಷ್ಯ. ಬೈಯುತ್ತಿದ್ದುದು ಕಡಿಮೆ. ಆದರೆ ಹೆಬ್ಬೆರಳಿನಿಂದ ತೋರುಬೆರಳಿನ ತುದಿಯನ್ನು ತಿಕ್ಕಲು ಶುರುಮಾಡಿದರೆಂದರೆ ಇಡೀ ಸೆಕ್ಷನ್ನು ಉಸಿರು ಬಿಗಿಹಿಡಿಯುತ್ತಿತ್ತು. ಏನನ್ನೋ ಒರೆಸುತ್ತಿರುವಂತೆ ತಿಕ್ಕುತ್ತಿದ್ದರು. ಏನನ್ನು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನನ್ನ ಮೇಲೆ ಅವರ ಕಣ್ಣು ಬಿದ್ದದ್ದು ಕೆಲಸದಿಂದಲ್ಲ, ಕ್ಯಾಮೆರಾದಿಂದ. ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಬಳೆಯಂಥದ್ದೊಂದು ಅಡಾಪ್ಟರ್ ತೊಡಿಸಿದರೆ ಅಜ್ಜಂದಿರ ಕಾಲದ ರೇಂಜ್‌ಫೈಂಡರ್ ಲೆನ್ಸುಗಳು ಅದರ ಮೇಲೆ ಕೂರುತ್ತವೆ. ನನ್ನಂಥವರಿಗೆ ಅದೇ ಹುಚ್ಚು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಜಪಾನಿನ ಲೆನ್ಸೊಂದನ್ನು ತಿರುಗಿಸುತ್ತ ಕೂತಿದ್ದಾಗ ಹಿಂದೆ ಬಂದು ನಿಂತರು. "ಇಲ್ಲಿ ಕೊಡು." ಕೊಟ್ಟೆ. ಗಾಜಿನ ಮೇಲೆ ಬಾಯಿಟ್ಟು 'ಹಾ' ಎಂದು ಉಸಿರು ಬಿಟ್ಟು, ಆ ಮಂಜು ಆರುವುದನ್ನೇ ನೋಡಿದರು. ಬರಿಗಣ್ಣಿಗೆ ಸಿಗದ ಗೀರು ಉಸಿರು ಆರುವಾಗ ಎದ್ದು ಕಾಣುತ್ತದೆ. ಅದನ್ನು ನನಗೆ ಕಲಿಸಿದವರೇ ಅವರು. ಅಂದಿನಿಂದ ಲೆನ್ಸು ನೋಡಲು ಎಲ್ಲಿಗೆ ಹೋದರೂ ನನ್ನನ್ನು ಕರೆದುಕೊಂಡೇ ಹೋಗುತ್ತಿದ್ದರು.

ಕರೆದುಕೊಂಡು ಹೋಗುವುದಕ್ಕೆ ಕಾರಣ ನನ್ನ ಮೇಲಿನ ಪ್ರೀತಿಯಲ್ಲ. ಅವರ ಮುಖ ಅವರಿಗೇ ಶತ್ರು. ಬಾಗಿಲು ಹಾಕಿದ ಸ್ಟುಡಿಯೋಗಳು, ಗುಜರಿ ಅಂಗಡಿಗಳು, ಯಾರದೋ ಮನೆಯ ಅಟ್ಟದಿಂದ ಇಳಿಸಿದ ಟ್ರಂಕು, ಎಲ್ಲಿಯಾದರೂ ಸರಿ, ಗೀರಿದ್ದ ಲೆನ್ಸು ಕಂಡರೆ ಇವರ ಕಣ್ಣು ಅರಳುತ್ತಿತ್ತು. ಕೆಟ್ಟ ಮಾಲು ನೋಡಿ ಅರಳುವ ಗಿರಾಕಿಯನ್ನು ಕಂಡರೆ ಯಾವ ಮಾರುವವನಿಗೆ ಅನುಮಾನ ಬರುವುದಿಲ್ಲ? "ಇದ್ರಲ್ಲಿ ಏನೋ ಐತೆ" ಎಂದು ಅವನು ಲೆನ್ಸನ್ನು ಎತ್ತಿ ಒಳಗಿಟ್ಟುಬಿಡುತ್ತಿದ್ದ. ಹಾಗಾಗಿ ಮಾತು ನನ್ನದು. ಅವರು ಬಾಗಿಲ ಹತ್ತಿರ ನಿಂತು ಬೆರಳು ತಿಕ್ಕುತ್ತಿದ್ದರು.

ಇನ್ನೊಂದು ನೇಮ ಇತ್ತು. ವ್ಯಾಪಾರ ಮುಗಿಯುವವರೆಗೆ ಆ ಮನೆಯಲ್ಲಿ ಹನಿ ನೀರೂ ಮುಟ್ಟುತ್ತಿರಲಿಲ್ಲ. "ಅವ್ರ ಮನೆ ಕಾಫಿ ಕುಡಿದ್ಮೇಲೆ ಬಾಯಿ ಕಟ್ಟೋಯ್ತದೆ ಕಣಪ್ಪ. ಉಪ್ಪಾದ್ರೇನು, ಸಕ್ಕರೆ ಆದ್ರೇನು, ಋಣ ಋಣಾನೇ." ಅವರ ಪಾಲಿನ ಕಾಫಿಯನ್ನೂ ನಾನೇ ಕುಡಿದು ಎಷ್ಟು ಸಂಜೆ ಹೊಟ್ಟೆ ಉರಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಮೂರನೆಯದು ಬೈಕು. ಅವರು ದ್ವಿಚಕ್ರ ವಾಹನ ಹತ್ತುತ್ತಿರಲಿಲ್ಲ. ನನ್ನ ಬೈಕು ಕಚೇರಿಯ ಎದುರಿಗೇ ನಿಂತಿರುತ್ತಿತ್ತು, ಅವರು ಮಾತ್ರ ಬಸ್ಸಿಗೆ ಕಾಯುತ್ತಿದ್ದರು. ಶೆಟ್ಟಿಹಳ್ಳಿಯ ಅವರ ಮನೆಗೂ ನಡಿಗೆಯೇ. ಭಯವಿರಬೇಕು ಎಂದುಕೊಂಡಿದ್ದೆ.

ಇದೆಲ್ಲದರ ಗುಟ್ಟು ರಟ್ಟಾದದ್ದು ಗುಬ್ಬಿಯಲ್ಲಿ. ಬಸ್ಸಿಳಿದು ಪೇಟೆಯಲ್ಲಿ ಹೋಗುತ್ತಿದ್ದವರು ಮೊಬೈಲ್ ರೀಚಾರ್ಜ್ ಅಂಗಡಿಯೊಂದರ ಮುಂದೆ ಗಕ್ಕನೆ ನಿಂತರು. "ಇದೇ ನಮ್ಮಪ್ಪನ ಸ್ಟುಡಿಯೋ" ಅಂದರು. ಅಂಗಡಿಯವನು ಏನು ಬೇಕು ಎಂದು ಎರಡು ಸಲ ಕೇಳಿದ. ಇವರು ಅವನ ತಲೆಯ ಮೇಲಿನ ಗೋಡೆಯನ್ನೇ ನೋಡುತ್ತ, ಕೋಪದಲ್ಲಿದ್ದವರ ಹಾಗೆ ಹೇಳತೊಡಗಿದರು.

ಅಪ್ಪನ ಬಳಿ ಒಂದೇ ಒಂದು ರೇಂಜ್‌ಫೈಂಡರ್ ಕ್ಯಾಮೆರಾ ಇತ್ತಂತೆ. ಅದರ ಕಿಟಕಿಯಲ್ಲಿ ನೋಡಿದರೆ ಒಂದೇ ಮುಖ ಎರಡಾಗಿ ಕಾಣುತ್ತದೆ. ಲೆನ್ಸು ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಚಿತ್ರ ನಿಚ್ಚಳ. ಆ ಕೆಲಸವನ್ನು ಅಪ್ಪನಿಂದ ಕಲಿತವಳು ಅಕ್ಕ. ಇವರಿಗಿಂತ ಬಹಳ ದೊಡ್ಡವಳು, ತಾಯಿಯಿಲ್ಲದ ಇವರನ್ನು ಎತ್ತಿ ಆಡಿಸಿದವಳು. ಒಂದು ಆಯುಧಪೂಜೆಯ ದಿನ ಅಪ್ಪ ಕ್ಯಾಮೆರಾದ ಚರ್ಮದ ಹೊದಿಕೆಗೆ ಕುಂಕುಮ ಇಟ್ಟು ಊಟಕ್ಕೆ ಎದ್ದರು. ಪುಟ್ಟ ಹುಡುಗನಾಗಿದ್ದ ಇವರಿಗೆ ಅದು ಸಾಲಲಿಲ್ಲ. ಕಣ್ಣಿಗಲ್ಲವೇ ಪೂಜೆ ಆಗಬೇಕಾದ್ದು? ಒದ್ದೆ ಕುಂಕುಮ ತೆಗೆದು ಸೀದಾ ಗಾಜಿನ ಮೇಲೇ ಇಟ್ಟರು. ಆಮೇಲೆ ಹೆದರಿಕೆಯಾಯಿತು. ಒರೆಸಿದರೆ ಕೆಂಪು ಇನ್ನಷ್ಟು ಹರಡಿತು. ಮನೆಯಲ್ಲಿ ದೀಪದ ಕಂಬ ಫಳಫಳ ಆಗುವುದನ್ನು ನೋಡಿದ್ದರಲ್ಲ, ಹುಣಸೆಹಣ್ಣು, ಒಲೆಯ ಬೂದಿ ತಂದು ಲೆನ್ಸನ್ನು ಗುಂಡಗುಂಡಗೆ ತಿಕ್ಕಿ ಬೆಳಗಿಬಿಟ್ಟರು.

"ಅಪ್ಪ ಬೆಲ್ಟ್ ತಗೊಂಡ್ರು. ಅಕ್ಕ 'ನಾನೇ ಮಾಡ್ದೆ' ಅಂದ್ಲು. ಬೆನ್ ಮೇಲೆ ಬಾಸುಂಡೆ ಬರಂಗೆ ಹೊಡ್ಸ್ಕೊಂಡ್ಲು. ನಾನು ಬಾಗ್ಲಿಂದೆ ನಿಂತು ನೋಡ್ತಿದ್ದೆ."

ಆ ಗೀರುಗಳೇ ಮುಂದೆ ಅಕ್ಕನ ಕೈ ಹಿಡಿದವು. ಗೀರುಬಿದ್ದ ಗಾಜಿನಲ್ಲಿ ಬೆಳಕು ಸ್ವಲ್ಪ ಚೆದುರುತ್ತದೆ, ಮುಖ ಮೃದುವಾಗಿ ಬರುತ್ತದೆ. ಅಪ್ಪನ ನಂತರ ಅಕ್ಕನೇ ಸ್ಟುಡಿಯೋ ನಡೆಸಿದಾಗ, ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಲು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ. ಆ ಕಾಲದ ಒಂದು ಫೋಟೋ ಇವರ ಜೇಬಿನಲ್ಲಿ ಸದಾ ಇರುತ್ತಿತ್ತು. ಯಾರೋ ಗುರುತಿಲ್ಲದ ಹುಡುಗಿ, ಜಡೆಯ ಮಲ್ಲಿಗೆಯ ಸುತ್ತ ಹಾಲು ಚೆಲ್ಲಿದಂಥ ಬೆಳಕು. ಯಾವ ಲೆನ್ಸು ತಂದರೂ ಕಚೇರಿಯ ಕಿಟಕಿಯಲ್ಲಿ ಸ್ಟೀಲ್ ಲೋಟ ಇಟ್ಟು, ನನ್ನ ಕ್ಯಾಮೆರಾದಲ್ಲಿ ಫೋಟೋ ತೆಗೆಸಿ, ಲೋಟದ ಅಂಚಿನ ಬೆಳಕನ್ನೂ ಆ ಮಲ್ಲಿಗೆಯ ಬೆಳಕನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಿದ್ದುದು ಯಾಕೆಂದು ನನಗೆ ಆಗ ಅರ್ಥವಾಯಿತು.

"ಆ ಲೆನ್ಸ್ ಏನಾಯ್ತು ಸಾರ್?"

ಬೆರಳು ತಿಕ್ಕಲು ಶುರುವಾಯಿತು. "ಅಕ್ಕ ಮದ್ವೆಯಾಗಿ ಕುಣಿಗಲ್‌ಗೆ ಹೋದ್ಲು. ಮನೆ ಹೂಡಿದ್ಮೇಲೆ ಬಂದು ಕ್ಯಾಮೆರಾ ತಗೊಂಡೋಯ್ತೀನಿ, ಜೋಪಾನ ಕಣೋ ಅಂದಿದ್ಲು. ನಾನು ಅದನ್ನ ಕೊಟ್ಟು ಒಂದು ಮೊಪೆಡ್ ತಗೊಂಡೆ. ಅದಲುಬದಲು. ಮೀಸೆ ಮೂಡೋ ವಯಸ್ಸು, ಮೊಪೆಡ್ ಮೇಲೇ ಅವ್ಳನ್ನ ನೋಡೋಕೆ ಕುಣಿಗಲ್‌ಗೆ ಹೋದೆ ನೋಡು, ಮುಠ್ಠಾಳ."

ಅಕ್ಕ ಅಂದೇ ಹೇಳಿದಳಂತೆ: ನನ್ನ ಲೆನ್ಸು ತಂದುಕೊಡು, ಆಮೇಲೆ ನನ್ನನ್ನು ಅಕ್ಕ ಅನ್ನು.

ಆ ಮಾತನ್ನು ಇವರು ಅಕ್ಷರಶಃ ಹಿಡಿದುಕೊಂಡರು. ಎಷ್ಟೋ ವರ್ಷ ಹೋಗಲೇ ಇಲ್ಲ. ಆಮೇಲೆ ಹಳೇ ಲೆನ್ಸುಗಳು ಮತ್ತೆ ಕೈಬದಲಾಗುವ ಕಾಲ ಬಂತು. ಗೀರಿದ್ದದ್ದು ಯಾವುದು ಸಿಕ್ಕರೂ ಕುಣಿಗಲ್‌ಗೆ ಒಯ್ದು ತೋರಿಸಲು ಶುರುಮಾಡಿದರು.

ಆ ಭೇಟಿಗಳಿಗೂ ನನ್ನನ್ನು ಕರೆದುಕೊಂಡೇ ಹೋಗುತ್ತಿದ್ದರು. ಗೂಳೂರು ದಾಟುವವರೆಗೆ ಬಸ್ಸಿನಲ್ಲಿ ಏನಾದರೂ ಮಾತಾಡುತ್ತಿದ್ದವರು ಆಮೇಲೆ ಮೂಕರಾಗುತ್ತಿದ್ದರು. ಆಕೆಯ ಮನೆಯ ಹಜಾರದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಮಕ್ಕಳಿಲ್ಲದ ಮನೆ, ಗಂಡ ಹೋಗಿ ಬಹಳ ಕಾಲವಾಗಿತ್ತು. ಆಕೆ ನನ್ನ ಜೊತೆ ಮಾತ್ರ ಮಾತಾಡುತ್ತಿದ್ದರು. "ಅವ್ರಿಗೆ ಕೂತ್ಕೊಳಕ್ಕೆ ಹೇಳಪ್ಪ." ಇವರೂ ನನ್ನ ಕಡೆಗೇ ತಿರುಗಿ, "ಒಂದು ಸಿಕ್ಕಿದೆ, ನೋಡ್ಬೇಕಂತೆ ಅಂತ ಹೇಳು." ಎದುರುಬದುರು ಕೂತ ಅಕ್ಕತಮ್ಮಂದಿರ ನಡುವೆ ನಾನು ಟಪಾಲಿನವನು! ಆಕೆ ಎರಡು ಲೋಟ ಕಾಫಿ ತಂದಿಡುತ್ತಿದ್ದರು. ವ್ಯಾಪಾರ ಮುಗಿಯದೆ ಮುಟ್ಟದ ಮನುಷ್ಯ ಇಲ್ಲೂ ಮುಟ್ಟುತ್ತಿರಲಿಲ್ಲ. ಆಕೆ ಲೆನ್ಸು ತೆಗೆದುಕೊಂಡು 'ಹಾ' ಎಂದು ಉಸಿರು ಬಿಟ್ಟು, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, "ಅಲ್ಲ" ಎನ್ನುತ್ತಿದ್ದರು. ಅಷ್ಟೆ. ಅಕ್ಕ ಎನ್ನುವ ಮಾತು ಇವರ ಬಾಯಿಂದ ಆ ಮನೆಯೊಳಗೆ ಒಮ್ಮೆಯೂ ಬಂದದ್ದಿಲ್ಲ. ಆಕೆಯನ್ನು ಏನೆಂದೂ ಕರೆಯದೆ ಮಾತು ಮುಗಿಸುವ ಸರ್ಕಸ್ಸನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ದಿನ ನಮ್ಮ ಲೆನ್ಸು ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ನಿಟ್ಟೂರಿನ ಒಂದು ಗ್ಯಾರೇಜು, ಮೆಕ್ಯಾನಿಕ್ಕನ ಎಣ್ಣೆಗೈಯಲ್ಲಿ ಒಂದು ಲೆನ್ಸು. ಗಾಜಿನ ತುಂಬ ಗುಂಡಗುಂಡಗೆ ಗೀರು. ಬೆಂಗಳೂರಿನ ವ್ಯಾಪಾರಿಯೊಬ್ಬ ಅದರ ಕೆಳಗೆ, ಇವತ್ತು ಮಧ್ಯಾಹ್ನದ ರೈಲಿಗೆ ಹೋಗಿ ತರುತ್ತೇನೆ, ಗಾಜು ಕಿತ್ತು ಬೇರೆಯದಕ್ಕೆ ಬಿಡಿಭಾಗ ಮಾಡುತ್ತೇನೆ ಎಂದು ಬರೆದಿದ್ದ. ನಾನು ಫೋನನ್ನು ಅವರ ಮೇಜಿನ ಮೇಲಿಟ್ಟೆ. ಅವರು ನೋಡಿದರು. ಎದ್ದರು. ರಜೆಯ ಚೀಟಿಯನ್ನೂ ಬರೆಯದೆ ಹೊರಗೆ ಬಂದು ನನ್ನ ಬೈಕಿನ ಪಕ್ಕ ನಿಂತರು.

"ಬಸ್ಸಿಗೆ ಕಾದ್ರೆ ಆಗಲ್ಲ. ತೆಗಿ."

ನಾನು ಬಾಯಿಬಿಟ್ಟು ನೋಡಿದೆ. ಹಿಂದೆ ಕೂತು ಗುಬ್ಬಿಯವರೆಗೂ ನನ್ನ ಭುಜ ಹಿಡಿದೇ ಇದ್ದರು. ಎಷ್ಟು ವೇಗವಾಗಿ ಹೋದರೂ "ಇನ್ನೂ ಒತ್ತು" ಎನ್ನುತ್ತಿದ್ದರು. ಗುಬ್ಬಿ ಪೇಟೆಯಲ್ಲಿ ಎದುರಿಗೆ ಬಂದ ಟ್ರ್ಯಾಕ್ಟರಿಗೆ ಬೈದರು. ನಿಟ್ಟೂರಿನ ರೈಲ್ವೆ ಗೇಟು ನಾವು ಬರುವುದಕ್ಕೂ ಕೆಳಗಿಳಿಯುವುದಕ್ಕೂ ಸರಿಹೋಯಿತು. ಕಂಬಿಯ ಈಚೆ ಎಂಜಿನ್ ಆರಿಸಿ ನಿಂತೆವು. ಬೆಂಗಳೂರು ಕಡೆಯಿಂದ ಬಂದ ರೈಲು ನಮ್ಮ ಕಣ್ಣ ಮುಂದೆಯೇ, ಅದೇನು ಸಾವಧಾನ ಅದರದ್ದು, ಒಂದೊಂದೇ ಡಬ್ಬಿ ತೋರಿಸುತ್ತ ಸ್ಟೇಷನ್ನಿಗೆ ಹೋಯಿತು. "ಅವ್ನು ಅದ್ರಲ್ಲೇ ಅವ್ನೆ" ಅಂದರು. ನಾನು ಅಷ್ಟು ಹೆದರಿದ ಮುಖವನ್ನು ಯಾವ ಇನ್‌ಸ್ಪೆಕ್ಷನ್ನಿನ ದಿನವೂ ನೋಡಿಲ್ಲ.

ಗ್ಯಾರೇಜಿನ ಮೆಕ್ಯಾನಿಕ್ಕು ನಡುವಯಸ್ಸಿನ ಆಸಾಮಿ. ಆ ಲೆನ್ಸನ್ನು ಭೂತಗನ್ನಡಿ ಮಾಡಿಕೊಂಡಿದ್ದ. ಕಾರ್ಬೊರೇಟರಿನ ಸಣ್ಣ ತೂತು ನೋಡುವುದಕ್ಕೆ. "ನಮ್ಮಪ್ಪ ಎಲ್ಲಿಂದ ತಂದಿದ್ನೋ ಕಾಣೆ. ಬೆಂಗ್ಳೂರೋರು ಬತ್ತಾವ್ರೆ ಸಾ, ಮಾತ್ ಕೊಟ್ಬುಟ್ಟಿದೀನಿ." ಹೇಳುತ್ತಿರುವಾಗಲೇ ಅವನ ಫೋನು ಬಡಿದುಕೊಂಡಿತು. "ಇಳಿದ್ರಾ? ಆಟೋ ಸಿಕ್ತಾ? ಬನ್ನಿ ಬನ್ನಿ."

ನಾನು ವ್ಯಾಪಾರದ ಮಾತು ತೆಗೆಯುವಷ್ಟರಲ್ಲಿ ಇವರು ಮುಂದೆ ಬಂದು, "ಅದು ನಮ್ಮಕ್ಕಂದು" ಅಂದುಬಿಟ್ಟರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇನ್ನು ಅವನು ಕೊಡುತ್ತಾನೆಯೇ? ಇವರು ನಿಲ್ಲಿಸಲಿಲ್ಲ. ಆಯುಧಪೂಜೆ, ಕುಂಕುಮ, ಹುಣಸೆಹಣ್ಣು, ಬೂದಿ, ಬೆಲ್ಟು, ಮೊಪೆಡ್ಡು, ಎಲ್ಲ ಹೇಳಿದರು. ಧ್ವನಿ ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು.

ಮೆಕ್ಯಾನಿಕ್ಕು ಲೆನ್ಸಿನ ಗಾಜನ್ನು ಬಿಸಿಲಿಗೆ ತಿರುಗಿಸಿ ನೋಡಿದ. "ಹುಣಸೆಹಣ್ಣಾ? ಅದ್ಕೇ ನಾನು ಅಂದ್ಕೊಳ್ಳೋನು, ಯಾವೋನೋ ಇದನ್ನ ಚೊಂಬು ಬೆಳಗ್ದಂಗೆ ಬೆಳಗವ್ನೆ ಅಂತ." ಜೋರಾಗಿ ನಕ್ಕ. ಆಮೇಲೆ ಗಂಭೀರವಾದ. "ಆದ್ರೂ ಮಾತು ಮಾತೇ ಅಲ್ವಾ ಸಾ?" ಹೊರಗೆ ಆಟೋದ ಸದ್ದು ಕೇಳಿದಂತಾಯಿತು, ಬೇರೆ ಯಾವುದೋ ಆಟೋ. ಅವನು ಗಲ್ಲ ಕೆರೆದುಕೊಂಡ. "ಒಂದ್ ಕ್ಯಾಮ್ರಾ ಲೆನ್ಸು ಕೊಡ್ತೀನಿ ಅಂದಿದ್ದೆ. ಇದೇ ಕೊಡ್ತೀನಿ ಅಂದಿರ್ನಿಲ್ಲ. ನಿಮ್ತಾವ ಬ್ಯಾರೆ ಐತಾ?"

ನನ್ನ ಚೀಲದಲ್ಲಿತ್ತು. ಒಂದು ಗೀರಿಲ್ಲದ, ಧೂಳಿಲ್ಲದ, ನನ್ನ ಕಣ್ಣಮಣಿಯಂಥ ಜಪಾನಿನ ಲೆನ್ಸು. ಅವರು ನನ್ನನ್ನು ಕೇಳಲಿಲ್ಲ, ನೋಡಿದರು. ಕೊಟ್ಟೆ. ಇವತ್ತಿಗೂ ಅಂಥದ್ದೇ ಇನ್ನೊಂದು ಸಿಗುತ್ತದೆಯೇ ಎಂದು ಹುಡುಕುತ್ತಿರುತ್ತೇನೆ, ಸುಳ್ಳೇಕೆ ಹೇಳಲಿ. ಮೆಕ್ಯಾನಿಕ್ಕು ಟೀ ತರಿಸಿದ. ಅವರು ಗಾಜಿನ ಲೋಟ ಎತ್ತಿ ಗಟಗಟನೆ ಕುಡಿದರು. ವ್ಯಾಪಾರ ಮುಗಿದಿತ್ತಲ್ಲ.

ಸೀದಾ ಕುಣಿಗಲ್‌ಗೆ ಹೋದೆವು, ಬೈಕಿನಲ್ಲೇ. ದಾರಿಯುದ್ದಕ್ಕೂ ಲೆನ್ಸು ಅವರ ಅಂಗಿಯ ಒಳಗಿತ್ತು. ಆಕೆ ಬಾಗಿಲಿಗೆ ಬಂದು ಮೊದಲು ಬೈಕನ್ನು ನೋಡಿದರು, ಆಮೇಲೆ ಬೈಕಿನಿಂದ ಇಳಿಯುತ್ತಿದ್ದ ತಮ್ಮನನ್ನು. ಒಳಗೆ ಕೂತು ಲೆನ್ಸನ್ನು ಕೈಗೆ ತೆಗೆದುಕೊಂಡರು. ಆ ದಿನ ಆಕೆ ಉಸಿರು ಬಿಡಲಿಲ್ಲ. ಗಾಜಿನ ಅಂಚಿನ ಮೇಲೆ ಹೆಬ್ಬೆರಳು ಒಂದು ಸುತ್ತು ಬಂತು, ನಿಂತಿತು. ಇವರು ಕುರ್ಚಿಯ ತುದಿಗೆ ಸರಿದಿದ್ದರು. ಬಾಯಿ ಅರ್ಧ ತೆರೆದಿತ್ತು. ಅಷ್ಟು ವರ್ಷದಿಂದ ನುಂಗಿಟ್ಟುಕೊಂಡ ಮಾತು ತುಟಿಯವರೆಗೆ ಬಂದದ್ದು ನನಗೆ ಕಾಣುತ್ತಿತ್ತು.

"ಅಲ್ಲ" ಅಂದರು ಆಕೆ. "ಇದಲ್ಲ. ಇನ್ನೊಂದ್ ನೋಡಕ್ಕೆ ಹೇಳಪ್ಪ."

ಇವರ ಬಾಯಿ ಮುಚ್ಚಿಕೊಂಡಿತು. ಹೊರಗೆ ಬಂದು ಬೈಕು ಹತ್ತಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆಗೆ ನಡೆದೇ ಹೋದರು.

ಮಾರನೆಯ ದಿನ ನಾನು ಸುಮ್ಮನಿರಲಾರದೆ ಅದೇ ಕಿಟಕಿ, ಅದೇ ಸ್ಟೀಲ್ ಲೋಟ ಇಟ್ಟು ಆ ಲೆನ್ಸಿನಲ್ಲಿ ಫೋಟೋ ತೆಗೆದೆ. ಲೋಟದ ಅಂಚಿನಲ್ಲಿ ಹಾಲಿನಂಥ ಅದೇ ಬೆಳಕು. "ನೋಡಿ ಸಾರ್, ಇದೇ. ಅವರು ಗುರುತು ತಪ್ಪಿದ್ದಾರೆ" ಎಂದೆ. ಅವರ ಕಣ್ಣು ಕೆಂಪಗಾಯಿತು. "ಅಕ್ಕ ಅಲ್ಲ ಅಂದ್ಮೇಲೆ ಅಲ್ಲ. ನಿನ್ ಲೋಟ ಎತ್ತಿಡು." ನನ್ನ ಜೊತೆ ಒಂದು ವಾರ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ.

ಹುಡುಕಾಟ ನಿಲ್ಲಲಿಲ್ಲ. ನಿವೃತ್ತಿಯಾದ ಮೇಲೆ ಇನ್ನೂ ಹೆಚ್ಚಾಯಿತು. ಏನಾದರೊಂದು ಗೀರುಗಾಜು ಹಿಡಿದುಕೊಂಡು ಕುಣಿಗಲ್ ಬಸ್ಸು ಹತ್ತುತ್ತಿದ್ದರು. ಕೊನೆಕೊನೆಗೆ ನಾನು ನೋಡಿದರೇ ಅಲ್ಲವೆಂದು ಹೇಳಬಹುದಾದ ಲೆನ್ಸುಗಳನ್ನೂ ಒಯ್ಯುತ್ತಿದ್ದರು. ಆಕೆ ಅವನ್ನೂ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಅಲ್ಲ" ಎನ್ನುತ್ತಿದ್ದರು. ಕಾಫಿ ಆರುತ್ತಿತ್ತು. ಆಮೇಲೊಮ್ಮೆ ಜ್ವರ ಬಂತು, ಎದೆಗೆ ಇಳಿಯಿತು, ವಾರದೊಳಗೆ ಹೋಗಿಬಿಟ್ಟರು. ಆಕೆ ಬಂದಿದ್ದರು. ತಮ್ಮನ ತಲೆಯ ಹತ್ತಿರ ಕೂತಿದ್ದರು, ಅಳಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಅಸಾಧ್ಯ ಕೋಪ ಬಂದಿತ್ತು. ಇಷ್ಟು ಹಟವೇ?

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಹೆಂಡತಿ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಕೈಗಿಟ್ಟರು. "ಇವೆಲ್ಲ ನಿಮಗೇ ಗೊತ್ತು. ಏನ್ ಮಾಡ್ತೀರೋ ಮಾಡಿ." ಡಬ್ಬದ ತುಂಬ ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿದ ಗೀರುಲೆನ್ಸುಗಳು. ನಾನು ಅದನ್ನು ಕುಣಿಗಲ್‌ಗೆ ಒಯ್ದೆ. ಜಗಳ ಆಡಬೇಕೆಂದೇ ಹೋದೆ.

ಆಕೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ತಂದರು. ತಂದ ಮೇಲೆ ಒಂದನ್ನು ಏನು ಮಾಡುವುದೆಂದು ತಿಳಿಯದೆ ನಿಂತರು. ನಾನು ಡಬ್ಬ ತೆರೆದಿಟ್ಟೆ. ಆಕೆ ಕನ್ನಡಕ ಹಾಕಿಕೊಳ್ಳಲಿಲ್ಲ. ಕೈಯಾಡಿಸಿ, ಹೆಬ್ಬೆರಳಿನಲ್ಲೇ ತಡವಿ, ಒಂದನ್ನು ಎತ್ತಿಕೊಂಡರು. ನಿಟ್ಟೂರಿನದು.

"ಇದೇ" ಅಂದರು.

"ಅವತ್ತು ಅಲ್ಲ ಅಂದ್ರಿ."

"ಅವತ್ತೇ ಗೊತ್ತಾಯ್ತು. ಮುಟ್ಟಿದ್ ತಕ್ಷಣ ಗೊತ್ತಾಯ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. "ಹೂಂ ಅಂದಿದ್ರೆ ಕೊಟ್ಬುಟ್ಟು ಹೋಗೋನಲ್ವಾ? ಕೊಡೋದು ತಗೊಳ್ಳೋದು ಮುಗಿದೋದ್ಮೇಲೆ ಯಾವ್ ನೆಪಕ್ಕೆ ಬರೋನು? ಅವ್ನು ಬರ್ತಾ ಇದ್ದಿದ್ದೇ ಅದುಕ್ಕೆ."

"ಅಕ್ಕ ಅನ್ನಬೇಕು ಅಂತ ಕಾಯ್ತಿದ್ರು" ಎಂದೆ. ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು.

"ಗೊತ್ತು ಕಣಪ್ಪ. ಮುಂದಿನ್ ಸಲ ಹೇಳಣ, ಮುಂದಿನ್ ಸಲ ಹೇಳಣ ಅಂತ." ಇಬ್ಬರೂ ಅದನ್ನೇ ಮಾಡಿದ್ದರು ಎಂದು ನನಗೆ ಆಗ ಹೊಳೆಯಿತು. ಅಲ್ಲವೆಂದು ಗೊತ್ತಿದ್ದೂ ತಮ್ಮ ಒಯ್ಯುತ್ತಿದ್ದರು, ಹೌದೆಂದು ಗೊತ್ತಿದ್ದೂ ಅಕ್ಕ ಅಲ್ಲವೆಂದಿದ್ದರು.

ಆಕೆ ಎದ್ದು ಲೆನ್ಸನ್ನು ದೇವರ ಗೂಡಿಗೆ ಒಯ್ದರು. ಕುಂಕುಮದ ಬಟ್ಟಲಿಗೆ ಎರಡು ಹನಿ ನೀರು ಹಾಕಿ, ಬೆರಳು ಅದ್ದಿ, ಸೀದಾ ಗಾಜಿನ ಮೇಲೇ, ನಡುಮಧ್ಯಕ್ಕೆ ಇಟ್ಟರು. ಲೆನ್ಸು ಕಂಡವನ ಕೈ ಸುಮ್ಮನಿರುತ್ತದೆಯೇ? ನನಗೆ ಅರಿವಿಲ್ಲದೆ ಜೇಬಿನ ಒರೆಸುವ ಬಟ್ಟೆಗೆ ಕೈ ಹೋಯಿತು.

"ಒರೆಸ್ಬೇಡ, ಬುಡಪ್ಪ" ಅಂದರು. "ಹೋದ್ಸಲ ಒರೆಸಿದ್ದಕ್ಕೇ ಇಷ್ಟೆಲ್ಲ ಆಗಿದ್ದು."